ಹಿಂದುಗಡೆ ಗುಡುಗುಡು

ನಮ್ಮ ಅಪ್ಪ ಕೆಲಸದಲ್ಲಿದ್ದಷ್ಟು ಕಾಲವೂ ವಿಮಾನ ಜೋಡಿಸಿದರು, ಮನೆಗೆ ಮಾತ್ರ ಸೈಕಲ್ಲಿನಲ್ಲಿ ಬಂದರು. ವಿಮಾನಪುರದ ನಮ್ಮ ಮನೆಗೆ ಮೊದಲ ಕಾರು ಬಂದದ್ದು ಅಪ್ಪ ರಿಟೈರಾಗಿ ಎಷ್ಟೋ ಕಾಲದ ಮೇಲೆ, ನಾನು ವಿಮಾ ಕಚೇರಿಯಲ್ಲಿ ತಲೆಗೂದಲು ನರೆಸಿಕೊಂಡ ಮೇಲೆ. ಅದೂ ಬೇರೆ ಯಾರೋ ಓಡಿಸಿ ಬೇಸತ್ತ ಕಾರು. ಮಾರಿದವನು, "ಲೇಡಿ ಡಾಕ್ಟರ್ ಗಾಡಿ ಮೇಡಂ, ಬರೀ ಕ್ಲಿನಿಕ್ಕಿಗೆ ಹೋಗಿ ಬರೋಕೆ ಇಟ್ಕೊಂಡಿದ್ರು" ಎಂದ. ಈ ಊರಿನ ಹಳೇ ಕಾರುಗಳೆಲ್ಲ ಲೇಡಿ ಡಾಕ್ಟರುಗಳವೇ. ಇಷ್ಟು ಜನ ಡಾಕ್ಟರುಗಳಿದ್ದೂ ನಮಗೆ ಕಾಯಿಲೆ ಯಾಕೆ ಬರುತ್ತದೋ ಗೊತ್ತಿಲ್ಲ.

ಕಾರು ಕೊಂಡದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ. ಅಮ್ಮನನ್ನು ಕೆ.ಆರ್. ಪುರದಲ್ಲಿರುವ ಅವಳ ಅಕ್ಕನ ಮನೆಗೆ, ಅಂದರೆ ನಮ್ಮ ದೊಡ್ಡಮ್ಮನ ಮನೆಗೆ, ಕರೆದುಕೊಂಡು ಹೋಗಬೇಕಿತ್ತು. ಇಬ್ಬರಿಗೂ ಮಂಡಿನೋವು. ಬಸ್ಸು ಹತ್ತಲಾರರು, ಆಟೋದ ಕುಲುಕಾಟಕ್ಕೆ ಹೆದರುತ್ತಾರೆ. ಎರಡು ವರ್ಷದಿಂದ ಬರೀ ಫೋನಿನಲ್ಲೇ ಒಬ್ಬರಿಗೊಬ್ಬರು ಸಾರು, ಪಲ್ಯ ಬಡಿಸುತ್ತಿದ್ದರು. ಕಾರಿನ ಸುದ್ದಿ ಕೇಳಿದ್ದೇ ದೊಡ್ಡಮ್ಮ, "ಕಾರಲ್ಲಿ ಬಂದು ನಮ್ಮನೆ ಬಾಗಿಲಲ್ಲೇ ಇಳೀಬೇಕು ಕಣೇ, ಬೀದಿಯವರೆಲ್ಲ ನೋಡ್ಬೇಕು" ಎಂದು ಅಪ್ಪಣೆ ಕೊಡಿಸಿದರು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಹೊರಟೆವು. ಹಲಸೂರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಾಲ್ಕು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದ್ದಾಯಿತು. ಡಿಕ್ಕಿಯಲ್ಲಿ ಅಮ್ಮ ಅಕ್ಕನಿಗೆಂದು ಕಟ್ಟಿಕೊಂಡಿದ್ದ ತಾಂಬೂಲದ ಚೀಲವಿತ್ತು: ಎಲೆ, ಅಡಿಕೆ, ರವಿಕೆ ಕಣ, ಜುಟ್ಟು ಬಿಟ್ಟ ದಪ್ಪನೆಯ ತೆಂಗಿನಕಾಯಿ. ಟಿನ್ ಫ್ಯಾಕ್ಟರಿ ಹತ್ತಿರ ಟೈರು ಹೋಯಿತು. ಚೀಲ ಎತ್ತಿಟ್ಟು, ಡಿಕ್ಕಿಯ ಹಲಗೆ ತೆಗೆದು, ಕೆಳಗಿದ್ದ ಸ್ಟೆಪ್ನಿ ಹಾಕಿಸಿದೆ. ಹೋದ ಟೈರನ್ನು ಪಂಕ್ಚರ್ ಅಂಗಡಿಯವನು ಬೆರಳಲ್ಲಿ ಮುಟ್ಟಿ ನೋಡಿ, "ಇದು ಟೈರಲ್ಲ ಮೇಡಂ, ಹಪ್ಪಳ" ಎಂದ. ಅಲ್ಲೇ ಬಿಟ್ಟೆ. ಚೀಲವನ್ನು ಡಿಕ್ಕಿಗೆ ಎಸೆದು, ಹಲಗೆ ಮುಚ್ಚಿ ಹೊರಡುವಾಗ ಅಮ್ಮ ಚೀಲ ಮುಂದಕ್ಕೆ ತರಿಸಿಕೊಂಡಳು. ಒಳಗೆ ಕಾಯಿ ಇರಲಿಲ್ಲ.

ರಸ್ತೆಯಲ್ಲೆಲ್ಲ ಹುಡುಕಿದೆವು. ಯಾರೋ ಹೊಡೆದಿರಬೇಕು ಎಂದೆ. ಬೇರೆ ಕಾಯಿ ಕೊಡಿಸುತ್ತೇನೆ ಎಂದರೂ ಅಮ್ಮ ಕೇಳಲಿಲ್ಲ.

"ತಾಂಬೂಲದ ಕಾಯಿ ದಾರೀಲಿ ಕಳೆದ್ರೆ ಮುಂದಕ್ಕೆ ಹೋಗ್ಬಾರ್ದು. ತಿರುಗ್ಸು ಗಾಡಿ."

ತಿರುಗಿಸಿದೆ. ತಿರುಗಿಸಿದ ಕ್ಷಣದಿಂದ ಕಾರಿನ ಹಿಂದುಗಡೆ ಗುಡುಗುಡು ಶುರುವಾಯಿತು. ತಿರುವಿನಲ್ಲೊಮ್ಮೆ, ಹಂಪಿನಲ್ಲೊಮ್ಮೆ, ಬ್ರೇಕು ಹಾಕಿದರೆ ತಪ್ಪದೆ ಒಮ್ಮೆ.

"ನೋಡು, ಗಾಡೀನೇ ಬೇಡ ಅಂತಿದೆ. ಈ ಸದ್ದು ನಿಲ್ಲೋವರ್ಗೂ ನಾನು ಇದನ್ನ ಹತ್ತಲ್ಲ" ಎಂದು ಅಮ್ಮ ತೀರ್ಪು ಕೊಟ್ಟಳು. ಅಪ್ಪನನ್ನು ಕೇಳಿದರೆ, "ವಿಮಾನದಲ್ಲಿ ಇಂಥ ಸದ್ದು ಬಂದ್ರೆ ಮೊದ್ಲು ಕೆಳಗಿಳಿಸ್ತಿದ್ರು" ಎಂದರು. ಕಾರು ಆಗಲೇ ನೆಲದ ಮೇಲಿತ್ತು, ಇನ್ನೆಲ್ಲಿಗೆ ಇಳಿಸುವುದು?

ಶಿವಾಜಿನಗರದ ಮೆಕ್ಯಾನಿಕ್ಕನ ಹತ್ತಿರ ಹೋದೆ. ಆಜಾನುಬಾಹು, ನಾಲ್ಕು ಭಾಷೆಯನ್ನು ಒಂದೇ ವಾಕ್ಯದಲ್ಲಿ ಆಡುವ ಮನುಷ್ಯ. ಮೊದಲು ಬುಷ್ ಬದಲಿಸಿದ. ಆಮೇಲೆ ಶಾಕ್ ಅಬ್ಸಾರ್ಬರ್. ನಡುವೆ ಕಾರು ತನ್ನ ಬೇರೆ ಪ್ರತಿಭೆಗಳನ್ನೂ ತೋರಿಸಿತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಓಡುತ್ತಿತ್ತು. ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. "ಸೆಲ್ಫ್ ಹೋಗಿದೆ ಮೇಡಂ" ಎಂದ. ನನ್ನದು ಯಾವಾಗಲೋ ಹೋಗಿತ್ತು. ಅವೆಲ್ಲ ರಿಪೇರಿಯಾದವು, ಗುಡುಗುಡು ಹಾಗೇ ಉಳಿಯಿತು. ದಿನ ಕಳೆದಂತೆ ಅದರೊಳಗೆ ಲೊಟಲೊಟ ಎಂದು ಇನ್ನೊಂದು ಸಣ್ಣ ಸದ್ದೂ ಸೇರಿಕೊಂಡಿತು.

"ಅರೆ, ಸೌಂಡು ಮರಿ ಹಾಕಿದೆ ಮೇಡಂ" ಎಂದು ಅವನು ಸಂಭ್ರಮಪಟ್ಟ.

ಕೊನೆಗೆ, ತಾನೇ ಡಿಕ್ಕಿಯಲ್ಲಿ ಮಲಗಿ ಕೇಳುತ್ತೇನೆ ಎಂದು ಹೊರಟ. ಮಲಗುವ ಮುಂಚೆ, "ಹಲಗೆ ಕೆಳಗೆ ಸ್ಟೆಪ್ನಿನಾ?" ಎಂದು ಕೇಳಿದ. "ಇಲ್ಲ, ಖಾಲಿ" ಎಂದೆ, ಬಲು ಗತ್ತಿನಿಂದ. ಅವನ ಕಾಲು ಹೊರಗೆ ಚಾಚಿಕೊಂಡಿತ್ತು, ಡಿಕ್ಕಿಯ ಬಾಗಿಲನ್ನು ಹಗ್ಗದಲ್ಲಿ ಬಿಗಿದಿದ್ದ. ಹಲಸೂರು ಕೆರೆಯ ಸುತ್ತ ಹಾಗೇ ಓಡಿಸಿದೆ. ಅರ್ಧ ಸುತ್ತಿಗೇ ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿದರು.

"ಏನ್ ಮೇಡಂ ಇದು, ಮನುಷ್ಯನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ತಿದ್ದೀರಾ?"

ನಾನು ಬಾಯಿ ತೆರೆಯುವ ಮುಂಚೆ ಡಿಕ್ಕಿಯೇ ಉತ್ತರ ಕೊಟ್ಟಿತು: "ಮಾತಾಡ್ಬೇಡಿ ಸಾರ್, ಸೌಂಡ್ ಕೇಳ್ಬೇಕು."

ಪೊಲೀಸಿನವರು ಟೋಪಿ ತೆಗೆದು, ನಿಂತ ಗಾಡಿಗೇ ತಾವೂ ಕಿವಿಗೊಟ್ಟರು. "ನಮ್ಮ ಭಾವನ ಗಾಡೀಲೂ ಹಿಂಗೇ, ಕೇಳೋಕೆ ಹೋದ್ರೆ ಸದ್ದೇ ಬರ್ತಿರ್ಲಿಲ್ಲ. ಮಾರಿಬಿಟ್ಟ" ಎಂದರು. ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸೋಜಿಗವೆಂದರೆ, ಮೆಕ್ಯಾನಿಕ್ ಮಲಗಿದ್ದಷ್ಟು ಹೊತ್ತೂ ಕಾರು ಉಸಿರೆತ್ತಲಿಲ್ಲ. ಅವನು ಇಳಿದರೆ ಗುಡುಗುಡು, ಹತ್ತಿದರೆ ಮೌನ. "ಪ್ರಾಬ್ಲಮ್ ಸಾಲ್ವ್ ಮೇಡಂ. ಡಿಕ್ಕೀಲಿ ಯಾರಾದ್ರೂ ಮಲಗಿದ್ರೆ ಗಾಡಿ ಫಸ್ಟ್ ಕ್ಲಾಸ್" ಎಂದ. ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಇತ್ತ ಕೆ.ಆರ್. ಪುರದಲ್ಲಿ ಗಾಳಿ ಬೇರೆಯಾಗಿತ್ತು. "ಸದ್ದಂತೆ ಸದ್ದು! ಬರೋಕೆ ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳ್ಲಿ. ಕಾರು ಬಂದ್ಮೇಲೆ ಅಕ್ಕ ಯಾಕೆ ಬೇಕು?" ಎಂದು ದೊಡ್ಡಮ್ಮ ಫೋನಿಟ್ಟವರು ದೀಪಾವಳಿಗೂ ಎತ್ತಲಿಲ್ಲ. ದಿನಾ ಫೋನು ಮಾಡುವ ಹೊತ್ತಿಗೆ ಅಮ್ಮ ನಡುಮನೆಯಲ್ಲಿ ಫೋನು ನೋಡುತ್ತಾ ಕೂತಿರುತ್ತಿದ್ದಳು. ಆ ಕಾರಿಗೆ ಬೆಂಕಿ ಹಾಕಬೇಕು ಅನ್ನಿಸುತ್ತಿತ್ತು ನನಗೆ.

ಸಂಕ್ರಾಂತಿ ಮುಗಿದ ಮೇಲೆ, ಸ್ಟೆಪ್ನಿ ಇಲ್ಲದೆ ಓಡಾಡುತ್ತಿರುವುದು ಕೊನೆಗೂ ನೆನಪಾಗಿ, ಇಂದಿರಾನಗರದ ಅಂಗಡಿಯಲ್ಲಿ ಟೈರು ಕೊಂಡೆ. ಅದನ್ನಿಡಲು ಅಂಗಡಿಯವನು ಹಲಗೆ ಎತ್ತಿ, "ಮೇಡಂ, ಇದನ್ನ ಎಲ್ಲಿಡ್ಲಿ?" ಎಂದು ಕೇಳಿದ. ಅವನ ಕೈಯಲ್ಲಿ ಜುಟ್ಟು ಸವೆದ ತೆಂಗಿನಕಾಯಿ. ಅಲುಗಿಸಿದರೆ ಲೊಟಲೊಟ. ಒಳಗೆ ಒಣಗಿ ಕೊಬ್ಬರಿಯಾಗಿ ಕರಟ ಬಿಟ್ಟಿತ್ತು. ದಪ್ಪ ಮೆಕ್ಯಾನಿಕ್ ಮಲಗಿದಾಗ ಹಲಗೆ ಬಗ್ಗಿ ಕಾಯಿಯನ್ನು ಅದುಮಿ ಹಿಡಿದಿರಬೇಕು. ಎಂಟೊಂಬತ್ತು ತಿಂಗಳು ಅಕ್ಕತಂಗಿಯರನ್ನು ಅಗಲಿಸಿದ ಸದ್ದು, ಅಕ್ಕನಿಗೆ ಕೊಡಬೇಕಿದ್ದ ಕಾಯಿಯದೇ.

ಮನೆಗೆ ತಂದು ಕೊಟ್ಟಾಗ ಅಮ್ಮ ಕಾಯಿಯನ್ನು ಕಣ್ಣಿಗೊತ್ತಿಕೊಂಡಳು. "ಕಳೆದಿರ್ಲಿಲ್ಲ ನೋಡು" ಎಂದವಳೇ ಸೀರೆ ಬದಲಾಯಿಸಲು ಹೋದಳು.

ದೊಡ್ಡಮ್ಮನ ಬಾಗಿಲಲ್ಲೇ ಕಾರು ನಿಲ್ಲಿಸಿದೆ. ಬೀದಿಯವರು ಯಾರೂ ನೋಡಲಿಲ್ಲ. ಅಮ್ಮ ಕಾಯಿ ಕೊಟ್ಟು ಕತೆ ಹೇಳಿದಳು. ದೊಡ್ಡಮ್ಮ ಅದನ್ನು ಕಿವಿಯ ಹತ್ತಿರ ಅಲುಗಿಸಿ, "ಕಾಯಿ ಕೊಡೋಕೆ ಕೊಬ್ಬರಿ ಆಗೋವರ್ಗೂ ಕಾಯಿಸ್ಬೇಕಿತ್ತೇನೇ?" ಎಂದರು. ಧ್ವನಿ ಇನ್ನೂ ಗಡುಸಾಗಿಯೇ ಇತ್ತು. "ಕಾರಲ್ಲಿ ಸದ್ದೇ ಇಲ್ವಲ್ಲ. ಈ ಕಾಯಿ ಕತೆ ನಿನ್ನೆ ಕಟ್ಟಿದ್ದೋ ಏನೋ."

ಅಮ್ಮನ ಮುಖ ಸಣ್ಣದಾಯಿತು. ನನಗೆ ರೇಗಿಹೋಯಿತು. ಹೊಸ ಸ್ಟೆಪ್ನಿಯನ್ನು ದೊಡ್ಡಮ್ಮನ ಜಗಲಿಯ ಮೇಲೆ ಉರುಳಿಸಿ, ಕಾಯಿಯನ್ನು ಕಿತ್ತುಕೊಂಡು ಹಲಗೆಯ ಕೆಳಗೆ ಹಾಕಿ, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೆ. ಮೊದಲ ಹಂಪಿನಲ್ಲೇ ಗುಡುಗುಡು. ಈಗ ಬೀದಿಯವರೆಲ್ಲ ನೋಡಿದರು.

ಕನ್ನಡಿಯಲ್ಲಿ ಕಂಡಿತು: ದೊಡ್ಡಮ್ಮ ಕತ್ತು ಓರೆ ಮಾಡಿ ಕೇಳುತ್ತಿದ್ದರು, ಅಮ್ಮನ ಕೈ ಹಿಡಿದಿದ್ದರು.

"ಹೌದು ಕಣೇ," ಎಂದರು, "ಜೋರಾಗೇ ಇದೆ." ಮೂಗು ಒರೆಸಿಕೊಂಡು ನನಗೆ ಹೇಳಿದರು: "ಇನ್ನೊಂದು ಸುತ್ತು ಹೋಗು. ಹಂಪ್ ಇರೋ ಕಡೇಲೇ ಹೋಗು."