ನಾನೂರ ಹನ್ನೆರಡು ಸಲ ಸತ್ತ ಅತ್ತೆ

ಬೆಳಗಿನ ಐದೂವರೆ. ತರಬೇತಿ ಮೈದಾನದಲ್ಲಿ ಬೇಕೆಂದೇ ಕೆಡವಿಟ್ಟ ಮೂರು ಮಹಡಿಯ ಅವಶೇಷದ ಮುಂದೆ ಐವತ್ತೆಂಟರ ಹೆಂಗಸೊಬ್ಬರು ಕೂತು, ಹಿಟ್ಟಿಗೆ ಕೆಂಪು ಬಣ್ಣ ಕಲಸಿ ತಮ್ಮ ತೊಡೆಗೆ ಗಾಯ ಮೆತ್ತಿಕೊಳ್ಳುತ್ತಿದ್ದಾರೆ. ಸಮಾಧಾನವಾಗದೆ ಅಂಚಿಗೆ ಇನ್ನಷ್ಟು ನೀಲಿ ಸವರುತ್ತಾರೆ. ಆಮೇಲೆ ತಲೆಗೆ ಬಟ್ಟೆ ಬಿಗಿದು, ಎರಡಡಿ ಎತ್ತರದ ಸಂದಿಯೊಳಗೆ ತೆವಳಿ ಮಾಯವಾಗುತ್ತಾರೆ. ಒಳಗಿನಿಂದ ದನಿ ಮಾತ್ರ ಬರುತ್ತದೆ: “ಹ್ಞೂಂ, ಚಪ್ಪಡಿ ಇಳಿಸ್ರಪ್ಪಾ. ಇವತ್ತು ಸಾಯ್ತೀನೋ ಬದುಕ್ತೀನೋ ನೋಡೇ ಬಿಡೋಣ.”

ಕುಸಿದ ಕಟ್ಟಡಗಳಡಿ ಸಿಕ್ಕಿಕೊಂಡವರನ್ನು ಹೊರತೆಗೆಯುವ ತಂಡಗಳಿಗೆ ಇಲ್ಲಿ ವೈದ್ಯಕೀಯ ತರಬೇತಿ. ಆ ತಂಡಗಳಿಗೆ ಗಾಯಾಳುವಾಗಿ ಮಲಗುವುದು ಇವರ ಕೆಲಸ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಸರದಿ, ಸರದಿಗೆ ಎರಡು ಗಂಟೆ. ಚಪ್ಪಡಿಯ ಭಾರವನ್ನು ಮರದ ದಿಮ್ಮಿಗಳು ಹೊರುತ್ತವೆ, ತೊಡೆಯ ಮೇಲೆ ಕೂರುವುದು ಮರಳಿನ ಚೀಲ. ನಿಜವಾಗಿ ತೊಂದರೆಯಾದರೆ ಊದಲು ಕೊರಳಲ್ಲಿ ಸೀಟಿಯಿದೆ. ಹನ್ನೊಂದು ವರ್ಷದಲ್ಲಿ ಅದನ್ನು ಊದಿದ್ದು ಒಂದೇ ಸಲ, ಎದೆಯ ಮೇಲೆ ಹಲ್ಲಿ ಬಿದ್ದಾಗ. ಮೈದಾನಕ್ಕೆಲ್ಲ ಇವರು ಅತ್ತೆ. ಈ ಅತ್ತೆ ಇದುವರೆಗೆ ನಾನೂರ ಹನ್ನೆರಡು ಸಲ ಸತ್ತಿದ್ದಾರೆ!

ಸಾಯುವುದಕ್ಕೂ ಲೆಕ್ಕಾಚಾರವಿದೆ. ಗಂಟೆಗಟ್ಟಲೆ ಭಾರದಡಿ ಜಜ್ಜಿದ ಮಾಂಸಖಂಡದಲ್ಲಿ ವಿಷ ಸೇರುತ್ತದೆ. ಭಾರವನ್ನು ಗಬಕ್ಕನೆ ಎತ್ತಿದರೆ ಅದು ನೆಟ್ಟಗೆ ಹೃದಯಕ್ಕೆ ನುಗ್ಗುತ್ತದೆ. ಮೊದಲು ನರಕ್ಕೆ ಸಲೈನ್ ಹತ್ತಬೇಕು, ಕಲ್ಲು ಏಳುವುದು ಆಮೇಲೆ. ಪಾಠ ಎಲ್ಲರಿಗೂ ಬಾಯಿಪಾಠ. ಆದರೂ ತಪ್ಪುತ್ತಾರೆ, ಯಾಕೆಂದರೆ ಅತ್ತೆ ಬೇಡುತ್ತಾರೆ. “ಕೈ ಮುಗೀತೀನಿ, ಎತ್ರಪ್ಪಾ” ಎಂದು ಅವರು ಗೋಗರೆದರೆ ಎಂಥ ಗಟ್ಟಿಗನ ಕೈಯೂ ಹಾರೆಗೆ ಹೋಗುತ್ತದೆ. ಸಲೈನ್ ಹತ್ತುವ ಮೊದಲೇ ಕಲ್ಲು ಅಲುಗಿದರೆ ಅತ್ತೆ ಕಣ್ಣು ಮುಚ್ಚಿಬಿಡುತ್ತಾರೆ. ಪರೀಕ್ಷೆ ಅಲ್ಲಿಗೆ ಮುಗಿಯಿತು.

“ಅವರ ಕರುಳು ಚುರ್ ಅನ್ನೋ ಹಾಗೆ ಕೂಗ್ಬೇಕು. ಅದನ್ನ ಕೇಳಿಯೂ ಕಾಯೋದು ಕಲೀಬೇಕಲ್ಲ?” ಎನ್ನುತ್ತಾರೆ.

ಈ ಕೂಗನ್ನು ಅವರಿಗೆ ಯಾರೂ ಕಲಿಸಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅವರು ಗಾರೆ ಹೊರುತ್ತಿದ್ದ ಕಟ್ಟಡ ಕುಸಿದು, ಅಲ್ಲೇ ಇಟ್ಟಿಗೆ ಕಟ್ಟುತ್ತಿದ್ದ ತಮ್ಮ ತೊಲೆಯಡಿ ಸಿಕ್ಕಿಕೊಂಡ. ಐದು ಗಂಟೆ ಮಾತಾಡುತ್ತಲೇ ಇದ್ದ. “ಎತ್ತಕ್ಕಾ, ಕಾಲು ಉರೀತಿದೆ” ಎನ್ನುತ್ತಿದ್ದ. ಅಕ್ಕ ಜನರನ್ನು ಕೂಗಿ ಕರೆದರು, ಹಾರೆಗೆ ತಾವೂ ಕೈ ಹಾಕಿದರು. ತೊಲೆ ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಲು ಗಂಟೆಯಲ್ಲಿ ತಮ್ಮ ಹೋಗಿಬಿಟ್ಟ. ಹಾಗೇಕಾಯಿತೆಂದು ಆಮೇಲೆ ಒಬ್ಬ ನರ್ಸ್ ಬಿಡಿಸಿ ಹೇಳಿದರು. ಮೂರು ವರ್ಷ ಕಳೆದು, ಈ ಮೈದಾನದಲ್ಲಿ ಅವಶೇಷ ಪೇರಿಸುವ ಕೂಲಿಗೆ ಬಂದ ಅಕ್ಕ, ಗಾಯಾಳುವಿನ ಜಾಗದಲ್ಲಿ ಗೊಂಬೆ ಮಲಗಿಸಿ ಕಲಿಸುತ್ತಿದ್ದ ಪಾಠವನ್ನು ಕೇಳಿಸಿಕೊಂಡು, “ಗೊಂಬೆ ಯಾಕೆ, ನಾನೇ ಮಲಗ್ತೀನಿ” ಎಂದರು.

ತಮ್ಮನ ಮಗಳನ್ನು ಸಾಕಿದ್ದು ಇವರೇ. ಇಪ್ಪತ್ನಾಲ್ಕರ ಆ ಹುಡುಗಿ ಈಗ ಇದೇ ಮೈದಾನದಲ್ಲಿ ಒಂದು ತಂಡದ ವೈದ್ಯಕೀಯ ಸಹಾಯಕಿಯಾಗುವ ಪರೀಕ್ಷೆಗೆ ನಿಂತಿದ್ದಾಳೆ. ನಾನೂರ ಹನ್ನೆರಡನೆಯ ಸಾವು ಅವಳದೇ ಕೊಡುಗೆ. ಕಳೆದ ವಾರ ಅತ್ತೆಯ ಕೂಗು ತಾಳಲಾರದೆ, ಸೂಜಿ ಚುಚ್ಚುವ ಮೊದಲೇ “ಎತ್ರೀ!” ಎಂದುಬಿಟ್ಟಳು. ಮೂರನೆಯ ದಿನ ಮನೆಯಲ್ಲಿ ಅವಳೇ ಎಚ್ಚರಿಸಿದಳು: “ಅತ್ತೆ, ಕೂಗೋದು ಕಮ್ಮಿ ಮಾಡಿದ್ರೆ ನೋಡು ಮತ್ತೆ.”

ಇಂದು ಅವಳ ಎರಡನೆಯ ಅವಕಾಶ, ಕೊನೆಯದೂ ಹೌದು. ಬೇರೆಯವರನ್ನು ಮಲಗಿಸೋಣವೇ ಎಂದು ಮುಖ್ಯ ತರಬೇತುದಾರರು ಕೇಳಿದ್ದಕ್ಕೆ ಅತ್ತೆ ಸಿಡುಕಿದರು. “ನಾಳೆ ನಿಜವಾಗ್ಲೂ ಕಲ್ಲಡಿ ಸಿಕ್ಕೋರು ಅವಳ ಸ್ವಂತದೋರು ಆಗಲ್ಲ ಅಂತ ಬರ್ಕೊಡ್ತೀರಾ?”

ಕತ್ತಲ ಸಂದಿಯಲ್ಲಿ ಟಾರ್ಚಿನ ಬೆಳಕು ತೆವಳಿ ಬರುತ್ತದೆ. ಅದರ ಹಿಂದೆ ಸೋದರಸೊಸೆಯ ಮುಖ. ಒಂದಿಷ್ಟು ಮೆತ್ತಗೆ ಕೂಗಿದರೆ ಯಾರಿಗೆ ಗೊತ್ತಾದೀತು? ಆ ಯೋಚನೆ ಬಂದದ್ದಕ್ಕೇ ನಾಚಿಕೆಯಾಗಿ, ಇಷ್ಟು ವರ್ಷ ಬಾಯಿಗೆ ತಾರದ ತಮ್ಮನ ಮಾತನ್ನೇ ಎತ್ತಿಕೊಳ್ಳುತ್ತಾರೆ. “ಎತ್ತೇ ಪುಟ್ಟೀ, ಕಾಲು ಉರೀತಿದೆ! ನನ್ನ ಸಾಯಿಸ್ತೀಯಾ?”

ಹುಡುಗಿ ಟಾರ್ಚನ್ನು ಪಕ್ಕಕ್ಕಿಡುತ್ತಾಳೆ. ಅತ್ತೆಯ ತೋಳಿಗಂಟಿಸಿದ ರಬ್ಬರ್ ನಾಳಕ್ಕೆ ಸೂಜಿ ಸರಿಯಾಗಿ ಇಳಿಯುತ್ತದೆ. “ಎತ್ತಲ್ಲ ಅತ್ತೆ. ನೀರು ಹತ್ತಲಿ. ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ.” ಅತ್ತೆ ಬೈಯುತ್ತಾರೆ, ಅಳುತ್ತಾರೆ, ಆಣೆ ಹಾಕುತ್ತಾರೆ. ಅಳು ಎಲ್ಲಿಯವರೆಗೆ ನಾಟಕ, ಎಲ್ಲಿಂದ ನಿಜ ಎಂಬುದು ಅವರಿಗೇ ತಿಳಿಯದಾಗುತ್ತದೆ. ಅವಳು ಕೈ ಹಿಡಿದು ಹನಿ ಎಣಿಸುತ್ತಲೇ ಇರುತ್ತಾಳೆ. ಇಪ್ಪತ್ತೆರಡು ನಿಮಿಷವಾದ ಮೇಲೆ ಹೊರಗಿನವರಿಗೆ ನಿಧಾನವಾಗಿ ಹೇಳುತ್ತಾಳೆ: “ಈಗ ಎತ್ತಿ.”

ಕಣ್ಣು ತೆರೆದೇ ಹೊರಬಂದ ಅತ್ತೆಯ ಹೆಸರಿನ ಮುಂದೆ ತರಬೇತುದಾರರು ‘ಬದುಕಿದ್ದಾರೆ’ ಎಂದು ಬರೆಯುತ್ತಾರೆ. ನಲ್ಲಿಯ ಕೆಳಗೆ ತೊಡೆಯ ಗಾಯ ತೊಳೆಯುತ್ತ ಅತ್ತೆ, ಅತ್ತಲಾಗಿ ಗೆಳತಿಯರ ನಡುವೆ ನಗುತ್ತಿರುವ ಸೊಸೆಯನ್ನೇ ನೋಡುತ್ತಾರೆ. ಹೇಗನ್ನಿಸಿತು ಎಂದು ಕೇಳಿದರೆ, ಕೆಂಪು ನೀರು ತಿಳಿಯಾಗುವವರೆಗೆ ಉಜ್ಜಿ, ನಲ್ಲಿ ನಿಲ್ಲಿಸಿ ಹೇಳುತ್ತಾರೆ:

“ಅವತ್ತು ಎತ್ತಿ ಎತ್ತಿ ಅಂತ ಕೂಗಿದ್ದು ಇದೇ ಗಂಟಲು. ಇವತ್ತೂ ಹಾಗೇ ಕೂಗ್ದೆ. ಅವನ ಮಗಳು ಎತ್ತಲಿಲ್ಲ ನೋಡಿ.”