ಬ್ರಾನ್‌ಳ ಬಚ್ಚಲುಮನೆ

ನನ್ನ ಅಣ್ಣನ ಮಗ ಕ್ರೇಗ್‌ನ ಹೆಂಡತಿ ಟೀಗನ್ ನಿಂತಲ್ಲೇ ನಿದ್ದೆ ಮಾಡಬಲ್ಲ ಹೆಣ್ಣು. ಹಾಗೆಂದು ಸೋಮಾರಿಯಲ್ಲ. ಆಸ್ಟ್ರೇಲಿಯಾದ ನಮ್ಮ ಈ ಕಾಬ್ಡನ್ ಊರಿನ ಸುತ್ತಮುತ್ತ ಯಾವ ಡೈರಿಯವನ ಬೆನ್ನು ಹಿಡಿದುಕೊಂಡರೂ, ಯಾವನು ಮಗಳ ಮದುವೆಗೆಂದು ಎರಡು ದಿನ ಊರು ಬಿಟ್ಟರೂ, ಬೆಳಗಿನ ಜಾವ ಅವನ ಹಸುಗಳ ಹಾಲು ಕರೆಯಲು ಹೋಗುವವಳು ಇವಳೇ. ಮುನ್ನೂರು ಹಸು ಮುಗಿಸಿ ಬಂದು, ಬೂಟೂ ಬಿಚ್ಚದೆ ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು "ಡೆಲ್ ಆಂಟಿ, ಚಹಾ" ಅನ್ನುವಳು. ನಾನು ಚಹಾ ತರುವಷ್ಟರಲ್ಲಿ ಗೊರಕೆ. ಹಾಗೆ ಎಷ್ಟು ಚಹಾ ಆರಿ ಸಿಂಕಿಗೆ ಹೋಗಿದೆಯೋ ದೇವರೇ ಬಲ್ಲ.

ಮೂವತ್ತೊಂದರಲ್ಲಿ ಅವಳ ಗರ್ಭಕೋಶ ತೆಗೆದರು. ಕ್ಯಾನ್ಸರ್. ತೆಗೆಯುವ ಮುಂಚೆ ಮೆಲ್ಬರ್ನಿನ ಡಾಕ್ಟರು ಅವಳ ಅಂಡ, ಅವನ ವೀರ್ಯ ತೆಗೆದುಕೊಂಡು ಮೂರು ಭ್ರೂಣ ಮಾಡಿ, ಹೆಪ್ಪುಗಟ್ಟಿಸಿ ಇಟ್ಟರು. ಇಟ್ಟಿದ್ದಕ್ಕೆ ವರ್ಷ ವರ್ಷವೂ ಬಾಡಿಗೆ ಕಟ್ಟಬೇಕು. "ಮಕ್ಕಳನ್ನ ಹಾಸ್ಟೆಲ್‌ಗೆ ಹಾಕಿದ್ದೀವಿ ಅಂದ್ಕೋ ಕಣೇ" ಎಂದು ಕ್ರೇಗ್ ನಗಿಸಲು ನೋಡುತ್ತಿದ್ದ. ಮೊದಲ ವರ್ಷ ಅವಳು ನಕ್ಕಳು. ಆಮೇಲಾಮೇಲೆ ಬಿಲ್ಲು ಬಂದರೆ ಅವನೇ ತೆಗೆದು ಡ್ರಾಯರಿಗೆ ಹಾಕುತ್ತಿದ್ದ, ಅವಳಿಗೆ ತೋರಿಸುತ್ತಿರಲಿಲ್ಲ.

ಮಗುವನ್ನು ತನ್ನ ಹೊಟ್ಟೆಯಲ್ಲಿ ಹೊರುವವಳೊಬ್ಬಳು ಬೇಕಿತ್ತು. ಹೊರದೇಶದ ಲೆಕ್ಕವನ್ನು ಟೀಗನ್ ನನ್ನ ಮೇಜಿನ ಮೇಲೇ ಹಾಕಿದಳು, ನಾನು ಪಕ್ಕದಲ್ಲಿ ಸ್ಕೋನ್ ಬನ್ನಿಗೆ ಹಿಟ್ಟು ಕಲಸುತ್ತಿದ್ದೆ. ಅಮೆರಿಕಾ ಎಂದರೆ ಎರಡೂವರೆ ಲಕ್ಷ ಡಾಲರ್. ಮನೆ ಮಾರಿದರೂ ಬ್ಯಾಂಕಿನವರ ಪಾಲು ಹೋಗಿ ಅಷ್ಟು ಉಳಿಯುವುದಿಲ್ಲ. ಕಪ್ಪು ಸಮುದ್ರದ ಕಡೆಯ ಒಂದು ದೇಶದಲ್ಲಿ ಒಂದು ಲಕ್ಷಕ್ಕೆ ಆಗುತ್ತದೆಂದು ಏಜೆನ್ಸಿಯ ಹುಡುಗಿ ಫೋನಿನಲ್ಲಿ ಸಕ್ಕರೆ ಸುರಿದಳು. ಆ ಲಕ್ಷದಲ್ಲಿ ಭ್ರೂಣ ಸಾಗಿಸುವುದು ಸೇರಿಲ್ಲ, ವಿಮಾನ ಸೇರಿಲ್ಲ, ಮಗುವಿನ ಪಾಸ್‌ಪೋರ್ಟ್ ಬರುವ ತನಕ ಹೋಟೆಲಿನಲ್ಲಿ ಕೊಳೆಯುವುದು ಸೇರಿಲ್ಲ. ಮಗು ತಿಂಗಳು ತುಂಬದೆ ಹುಟ್ಟಿದರೆ ಆಸ್ಪತ್ರೆಗೆಷ್ಟು ಎಂದು ಕೇಳಿದರೆ ಮಾತ್ರ ಆ ಹುಡುಗಿಗೆ ಇದ್ದಕ್ಕಿದ್ದಂತೆ ಫೋನು ಕೇಳಿಸದಾಗುತ್ತಿತ್ತು.

"ಹೊರೋ ಹೆಂಗಸಿನ ಹೆಸರೂ ಹೇಳಲ್ವಂತೆ ಆಂಟಿ" ಎಂದಳು ಟೀಗನ್. "ಹಸು ಕೊಂಡ್ರೂ ಕಿವಿಯ ನಂಬರ್ ಕೊಡ್ತಾರಪ್ಪ."

ನಮ್ಮ ದೇಶದಲ್ಲೇ ಮಾಡಿಸಿದರೆ ಖರ್ಚು ಕಡಿಮೆ, ಆದರೆ ಜನ ಸಿಕ್ಕುವುದಿಲ್ಲ. ಇಲ್ಲಿ ಹೊರುವವಳಿಗೆ ಅವಳ ಕೈಯಿಂದ ಹೋದ ಖರ್ಚು ಕೊಡಬಹುದು, ಅದರ ಮೇಲೆ ಒಂದು ಡಾಲರ್ ಕೊಡುವಂತಿಲ್ಲ. ಕೊಟ್ಟರೆ ಕಾನೂನಿಗೆ ವಿರುದ್ಧ. ಪುಕ್ಕಟೆಯಾಗಿ ಒಂಬತ್ತು ತಿಂಗಳು ಯಾರು ಹೊರುತ್ತಾರೆ ಹೇಳಿ?

ಬ್ರಾನ್ವಿನ್ ಹೊತ್ತಳು. ಟೀಗನ್ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸ, ಬಿಟ್ಟುಹೋದ ಗಂಡ, ಎರಡು ಗಂಡುಮಕ್ಕಳು. ಫುಟ್‌ಬಾಲ್ ಮ್ಯಾಚಿನ ದಿನ ಕ್ಲಬ್ಬಿನ ಕ್ಯಾಂಟೀನಿನಲ್ಲಿ ನಾನೇ ಅವಳ ಕೈಗೆ ಪೈ ಕೊಟ್ಟಿದ್ದೆ. ಅದರ ಮೇಲೆ ಸಾಸ್ ಹಿಂಡುತ್ತಾ, ಪಕ್ಕದಲ್ಲಿ ಆಕಳಿಸುತ್ತಿದ್ದ ಟೀಗನ್‌ಗೆ ಹೇಳಿದಳು:

"ನಾನು ಹೊರ್ತೀನಿ ಕಣೇ."

"ಏನು ಹೊರ್ತೀಯಾ?"

"ನಿನ್ನ ಮಗೂನ, ಪೆದ್ದಿ. ಮತ್ತೇನು ಕ್ರೇಗ್‌ನ ಹೊರ್ಲಾ?"

ಟೀಗನ್ ಕ್ಯಾಂಟೀನಿನ ಹಿಂದೆ ಹೋಗಿ ಬಿಯರ್ ಕ್ರೇಟಿನ ಮೇಲೆ ಕೂತು ಗಳಗಳನೆ ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಸರತಿಯಲ್ಲಿದ್ದವರು ಚಿಪ್ಸ್ ಎಲ್ಲಿ, ಚಿಪ್ಸ್ ಎಲ್ಲಿ ಎಂದು ಬೊಬ್ಬೆ ಹೊಡೆದರೂ ನಾನು ಹೊರಗೆ ಬರಲಿಲ್ಲ.

ಇಲ್ಲಿನ ಲೆಕ್ಕವೂ ಎಂಬತ್ತು ಸಾವಿರದ ಹತ್ತಿರ ಬಂತು. ಇವರಿಗೊಬ್ಬಳು ವಕೀಲೆ, ಬ್ರಾನ್‌ಗೆ ಬೇರೆ ವಕೀಲ, ಎಲ್ಲರ ತಲೆ ಸರಿಯಿದೆಯೋ ಎಂದು ನೋಡಲು ಕೌನ್ಸೆಲರ್, ಒಪ್ಪಿಗೆ ಕೊಡುವ ಸಮಿತಿ, ಮೆಲ್ಬರ್ನಿಗೆ ಹೋಗಿಬರುವ ಪೆಟ್ರೋಲ್. ಬ್ರಾನ್‌ಗೆ ಜೀವವಿಮೆ ಎಂಬ ಸಾಲು ಬಂದಾಗ ಟೀಗನ್ ಪೆನ್ಸಿಲ್ ಕೆಳಗಿಟ್ಟಳು. "ಅವಳು ಸತ್ತರೆ ಎಷ್ಟು ಅಂತ ನಾನು ಬರೀಬೇಕಾ?" ಎಂದು ಕೇಳಿದಳು. ಕ್ರೇಗ್ ಪೆನ್ಸಿಲ್ ತೆಗೆದುಕೊಂಡು ತಾನೇ ಬರೆದ. ರಜೆಗೆ ಕಾರಿನ ಹಿಂದೆ ಎಳೆದೊಯ್ಯುತ್ತಿದ್ದ ಕ್ಯಾರವಾನ್ ಮಾರಿದರು, ಅವನ ದೋಣಿ ಮಾರಿದರು, ಉಳಿದದ್ದಕ್ಕೆ ಸಾಲ ಎತ್ತಿದರು. ದೋಣಿ ಹೋದ ದಿನ ಅವನು ಖಾಲಿ ಶೆಡ್ಡು ಗುಡಿಸಿದ್ದೇ ಗುಡಿಸಿದ್ದು.

ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಟೀಗನ್ ಈಗ ಬೆಳಗಿನ ಜೊತೆಗೆ ಸಂಜೆಯ ಹಾಲು ಕರೆಯುವ ಕೆಲಸವನ್ನೂ ಹಿಡಿದಳು. ಮುಖ ಹಳೇ ಚಿಂದಿಯ ಹಾಗಾಯಿತು. "ಮೂರನೇದೂ ಹೋದ್ರೆ ಸಾಕು ಆಂಟಿ, ಮಲಗಿಬಿಡ್ತೀನಿ" ಅನ್ನುತ್ತಿದ್ದಳು. ಮೂರನೆಯದು ನಿಂತಿತು.

ಈ ಬ್ರಾನ್ ಇದ್ದಾಳಲ್ಲ, ಒಂದು ರಸೀದಿ ಕೊಡಲಿಲ್ಲ ಮಹಾತಾಯಿ. ಹೋದ ಸಂಬಳ ಕೇಳಲಿಲ್ಲ, ಪೆಟ್ರೋಲ್ ಕೇಳಲಿಲ್ಲ. ಟೀಗನ್ ಬೇಡಿಕೊಂಡರೆ "ಹೋಗೇ, ಬಿಲ್ಲಂತೆ ಬಿಲ್ಲು" ಎಂದು ಗದರುವಳು. ಊರಿಗೆ ಇದು ತಡೆಯಲಾಗಲಿಲ್ಲ. ನಮ್ಮೂರಲ್ಲಿ ಯಾರ ಬೇಲಿ ಬಿದ್ದರೂ, ಯಾರ ಮನೆಯ ಗಂಡಸು ಆಸ್ಪತ್ರೆ ಸೇರಿದರೂ, ಶನಿವಾರ ಜನ ಹಾರೆ ಸುತ್ತಿಗೆ ಹಿಡಿದು ಬಂದು ಕೆಲಸ ಮುಗಿಸಿ, ಸಾಸೇಜ್ ಸುಟ್ಟು ತಿಂದು ಹೋಗುತ್ತಾರೆ. ಎಷ್ಟಾಯಿತು ಎಂದು ಕೇಳಿದರೆ ಕೆನ್ನೆಗೆ ಹೊಡೆದ ಹಾಗೆ.

ಬ್ರಾನ್‌ಳ ಬಚ್ಚಲುಮನೆಯ ಮರದ ನೆಲ ಗೆದ್ದಲು ತಿಂದು ಜೋತಾಡುತ್ತಿತ್ತು. ತುಂಬಿದ ಬಸುರಿ, ಕಾಲು ಜಾರಿದರೆ? ಕ್ಲಬ್ಬಿನ ಅಧ್ಯಕ್ಷ ನೆವ್, ಅವನೇ ಊರಿನ ಪ್ಲಂಬರ್, ಹನ್ನೆರಡು ಗಂಡಸರನ್ನು ಗುಟ್ಟಾಗಿ ಸೇರಿಸಿದ. ಬ್ರಾನ್ ಮಕ್ಕಳೊಂದಿಗೆ ಅಕ್ಕನ ಮನೆಗೆ ಹೋಗಿದ್ದ ಎರಡೇ ದಿನದಲ್ಲಿ ಹಳೆಯದನ್ನೆಲ್ಲ ಕಿತ್ತು ಬಿಸಾಕಿ ಹೊಸ ನೆಲ, ಬಿಳಿ ಟೈಲ್ಸ್, ಹೊಸ ಶವರ್ ಕೂರಿಸಿದರು. ವಾಪಸು ಬಂದ ಬ್ರಾನ್ ಬಾಗಿಲಲ್ಲೇ ಕೂತು ಅತ್ತಳು. ನೆವ್ ಎದೆಯುಬ್ಬಿಸಿ ಫೋಟೋ ತೆಗೆದು ಕ್ಲಬ್ಬಿನ ಫೇಸ್‌ಬುಕ್ಕಿಗೆ ಹಾಕಿದ: ನಮ್ಮ ಟೀಗನ್‌ಗೆ ಮಗು ಹೊತ್ತು ಕೊಡುತ್ತಿರುವುದಕ್ಕೆ ಬ್ರಾನ್‌ಗೆ ಇಡೀ ಊರಿನ ಕಾಣಿಕೆ.

ಟೀಗನ್ ಹಾಲು ಕರೆದು ಬಂದು ಅದನ್ನು ಓದಿದಳು. ಓದಿದವಳೇ ವಕೀಲೆಯ ನಂಬರ್ ಹುಡುಕತೊಡಗಿದಳು.

ಸೋಮವಾರ ನನ್ನ ಅಡುಗೆಮನೆಯಲ್ಲಿ ಟೀಗನ್, ಕ್ರೇಗ್, ಬ್ರಾನ್, ನೆವ್ ಎಲ್ಲರೂ ಕೂತು ಟೀಗನ್ ಕಡೆಯ ವಕೀಲೆ ಎಲೆನಿಯ ಫೋನನ್ನು ಸ್ಪೀಕರಿಗೆ ಹಾಕಿದರು.

"ಮಗು ಹುಟ್ಟಿದಾಗ ಕಾನೂನಿನ ಪ್ರಕಾರ ತಾಯಿ ಬ್ರಾನ್ವಿನ್" ಎಂದಳು ಎಲೆನಿ. "ಕೋರ್ಟ್ ಆದೇಶ ಕೊಟ್ಟ ಮೇಲೇನೇ ಟೀಗನ್ ತಾಯಿ. ಹೊತ್ತಿದ್ದಕ್ಕೆ ಬ್ರಾನ್ವಿನ್‌ಗೆ ಯಾವ ಲಾಭವೂ ಆಗಿಲ್ಲ ಅಂತ ಜಡ್ಜ್‌ಗೆ ಖಾತ್ರಿ ಆಗ್ಬೇಕು. ಹೊತ್ತಿದ್ದಕ್ಕೇ ಕೊಟ್ವಿ ಅಂತ ನೀವೇ ಊರಿಗೆಲ್ಲ ಸಾರಿದ್ದೀರ."

"ದುಡ್ಡೆಲ್ಲಿ ಕೊಟ್ಟಿದ್ದೀವಿ ತಾಯಿ?" ನೆವ್ ಸಿಡುಕಿದ. "ಶನಿವಾರದ ಕೆಲಸ ಅದು! ಅದಕ್ಕೆ ಯಾವನು ಬೆಲೆ ಕಟ್ತಾನೆ?"

"ಜಡ್ಜ್ ಕಟ್ತಾರೆ. ಬಚ್ಚಲುಮನೆಗೆ ಮಾರ್ಕೆಟ್‌ನಲ್ಲಿ ಇಪ್ಪತ್ತು ಸಾವಿರ."

"ಅಂದ್ರೆ ಟೀಗನ್‌ಗೆ ಮಗು ಕೊಡಲ್ವಾ?" ಎಂದು ನಾನು ಕೇಳಿದೆ.

"ಕೊಡ್ಬಹುದು. ಕೊಡದೇನೂ ಇರ್ಬಹುದು. ಕೊಟ್ಟೇ ಕೊಡ್ತಾರೆ ಅಂತ ನಾನು ಹೇಳಲ್ಲ. ಬ್ರಾನ್ವಿನ್ ತನ್ನ ದುಡ್ಡಲ್ಲಿ ಪೂರ್ತಿ ಬೆಲೆ ಕೊಟ್ರೆ ತೊಂದರೆ ಇಲ್ಲ."

ಬ್ರಾನ್‌ಳ ಬ್ಯಾಂಕಿನಲ್ಲಿ ಎಷ್ಟಿತ್ತೆಂದು ಊರಿಗೇ ಗೊತ್ತು, ಏನೂ ಇರಲಿಲ್ಲ. ನಾನು ಕೊಡುತ್ತೇನೆ ಎಂದೆ. ಯಾರು ಕೊಟ್ಟರೂ ಅದೇ ಕಾಣಿಕೆಯಾಯಿತು ಎಂದಳು ಎಲೆನಿ. ಟೀಗನ್ ಮೇಜಿನ ಅಂಚು ಹಿಡಿದು ಕೂತಿದ್ದಳು. ಅವಳಲ್ಲಿ ಸಿಟ್ಟು ಮಾಡಿಕೊಳ್ಳುವಷ್ಟೂ ಶಕ್ತಿ ಉಳಿದಿರಲಿಲ್ಲ.

ಬ್ರಾನ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. "ನೆವ್, ಹಾರೆ ತಾ."

"ಏನಂದೆ?"

"ಕಿತ್ತುಹಾಕಿ. ಟೈಲ್ಸು, ಶವರು, ಎಲ್ಲಾ ಕಿತ್ತು ನಿಮ್ಮ ಕ್ಲಬ್ಬಿಗೇ ಹೊತ್ಕೊಂಡು ಹೋಗಿ. ಅದನ್ನೂ ಫೋಟೋ ತೆಗೆದು ಹಾಕು, ಜಡ್ಜ್ ನೋಡ್ಲಿ."

"ನಿನಗೆ ಹುಚ್ಚಾ ಹುಡುಗಿ? ಸ್ನಾನ ಎಲ್ಲಿ ಮಾಡ್ತೀಯ? ಹಳೇದನ್ನ ನಾವು ಗುಂಡಿಗೆ ಹಾಕಿ ಆಯ್ತು!"

"ಟೀಗನ್ ಮನೇಲಿ. ವಕೀಲಮ್ಮ, ಅವಳ ಮನೇಲಿ ಮೈ ತೊಳ್ಕೊಂಡ್ರೂ ಜೈಲಾ?"

"ಸ್ನಾನ ಮಾಡ್ರಮ್ಮ. ಫೋಟೋ ಮಾತ್ರ ಹಾಕ್ಬೇಡಿ" ಎಂದಳು ಎಲೆನಿ. ನಾವೆಲ್ಲ ನಕ್ಕೆವು, ನಗುನಗುತ್ತಲೇ ನೆವ್ ಕಣ್ಣೊರೆಸಿಕೊಂಡ.

ಆ ಶನಿವಾರ ಅದೇ ಹನ್ನೆರಡು ಗಂಡಸರು ಬಂದರು. ತಾವೇ ಕೂರಿಸಿದ್ದನ್ನು ತಾವೇ ಕಿತ್ತರು. ನಾನು ಸಾಸೇಜ್ ಸುಟ್ಟೆ, ಒಬ್ಬನೂ ತಿನ್ನಲಿಲ್ಲ. ಇಂಥ ದರಿದ್ರ ಶನಿವಾರವನ್ನು ನಾನು ನನ್ನ ಆಯಸ್ಸಿನಲ್ಲಿ ಕಂಡಿಲ್ಲ.

ಹೆಣ್ಣು ಮಗು ಹುಟ್ಟಿತು. ಐಲ್ಸಾ. ಆಸ್ಪತ್ರೆಯಿಂದಲೇ ಟೀಗನ್ ಮನೆಗೆ ಕರೆತಂದರು, ಆದರೆ ಜನನ ಪತ್ರದಲ್ಲಿ ತಾಯಿ ಬ್ರಾನ್. ಕೋರ್ಟಿನ ದಿನಾಂಕಕ್ಕೆ ಕಾಯಬೇಕು. ಮಗು ಅತ್ತರೆ ಟೀಗನ್ ಎದ್ದಳು, ಹಾಲು ಕರೆಯುವ ಹೊತ್ತಾದರೆ ಎದ್ದಳು, ಸಾಲ ತೀರಬೇಕಲ್ಲ. ನಿಂತಲ್ಲೇ ನಿದ್ದೆ ಮಾಡುತ್ತಿದ್ದವಳಿಗೆ ಈಗ ಮಲಗಿದರೂ ನಿದ್ದೆಯಿಲ್ಲ. "ಕೊಡು, ನಾನು ಒಂದು ಗಂಟೆ ನೋಡ್ಕೋತೀನಿ" ಎಂದರೆ ನನಗೂ ಕೊಡಳು, ಕ್ರೇಗ್‌ಗೂ ಕಷ್ಟಪಟ್ಟು ಕೊಡುವಳು.

ಬ್ರಾನ್ ಸಂಜೆಯ ಹೊತ್ತಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸ್ನಾನಕ್ಕೆ ಬರುತ್ತಿದ್ದಳು. ಅವಳ ಹೆಜ್ಜೆ ಕೇಳಿದರೆ ಸಾಕು, ಟೀಗನ್ ಮಗುವನ್ನು ಎದೆಗೊತ್ತಿಕೊಂಡು ಗೋಡೆಗೆ ಆತು ನಿಲ್ಲುವಳು. ಬ್ರಾನ್ ಅತ್ತ ನೋಡದೆ ನೇರ ಬಚ್ಚಲಿಗೆ ಹೋಗಿ, ಸ್ನಾನ ಮುಗಿಸಿ, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಹೊರಟುಬಿಡುವಳು. ಮೂವತ್ತು ವರ್ಷದ ಸ್ನೇಹ ಈ ಗತಿಗೆ ಬಂತಲ್ಲ. ಬೈಯೋಣವೆಂದರೆ ಯಾರನ್ನು ಬೈಯಲಿ?

ಆದೇಶ ಬಂತು. ಜಡ್ಜ್ ಬಚ್ಚಲುಮನೆಯ ವಿಷಯ ಕೇಳಿದರಂತೆ, ಕಿತ್ತ ಫೋಟೋ ನೋಡಿದರಂತೆ, ಕನ್ನಡಕ ತೆಗೆದು ಒರೆಸಿಕೊಂಡರಂತೆ. ಟೀಗನ್ ತಾಯಿ, ಕ್ರೇಗ್ ತಂದೆ.

ಅಂದು ಸಂಜೆ ನಾನು ಅವರ ಮನೆಗೆ ಕುರಿಮಾಂಸ ಹುರಿದು ತಂದಿದ್ದೆ. ಕ್ರೇಗ್ ತನ್ನ ಹಾಲಿನ ಟ್ಯಾಂಕರ್ ಓಡಿಸುವ ಡ್ಯೂಟಿಗೆ ಹೋಗಿದ್ದ. ಬ್ರಾನ್ ಟವೆಲ್ ಹಾಕಿಕೊಂಡು ಹಿಂಬಾಗಿಲಿಂದ ಬಂದಳು, ಎಂದಿನಂತೆ ತಲೆ ತಗ್ಗಿಸಿ ನಡೆದಳು.

"ಬ್ರಾನ್" ಎಂದಳು ಟೀಗನ್. "ಸ್ವಲ್ಪ ಹಿಡ್ಕೋತೀಯಾ? ನನಗೆ ನಿಲ್ಲೋಕೆ ಆಗ್ತಿಲ್ಲ ಕಣೇ."

ಬ್ರಾನ್ ನಿಂತಳು, ಕೈ ಚಾಚಲಿಲ್ಲ. "ನಾನಾ?"

"ಇಷ್ಟು ದಿನ ನಿನ್ನ ಕೈಗೆ ಕೊಟ್ರೆ ವಾಪಸ್ ಕೊಡ್ತೀಯೋ ಇಲ್ವೋ ಅಂತ ಭಯ. ನಿನ್ನ ಮೇಲೇ ಭಯ, ನನ್ನ ಜನ್ಮಕ್ಕಿಷ್ಟು."

"ಗೊತ್ತಿತ್ತು ಬಿಡೇ" ಎಂದಳು ಬ್ರಾನ್. "ಅದಕ್ಕೇ ಕೇಳ್ಲಿಲ್ಲ. ಕೊಟ್ಟಿದ್ರೆ ವಾಪಸ್ ಕೊಡೋಕೆ ನನಗೂ ಕಷ್ಟ ಆಗ್ತಿತ್ತು."

ಟೀಗನ್ ಮಗುವನ್ನು ಅವಳ ಕೈಗಿಟ್ಟಳು. ಇಟ್ಟು, ಅಲ್ಲೇ ಸೋಫಾದ ಮೇಲೆ ಬಿದ್ದಳು. ನಾನು ಮಾಂಸದ ತಟ್ಟೆ ತಂದಿಡುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು, ಬೂಟು ಕಾಲಲ್ಲೇ ಇತ್ತು. ಬ್ರಾನ್ ಸ್ನಾನಕ್ಕೆ ಹೋಗಲಿಲ್ಲ. ಮಗುವನ್ನು ಹಿಡಿದು ಅಡುಗೆಮನೆಯಲ್ಲಿ ಹಿಂದೆ ಮುಂದೆ ನಡೆದಳು, ಟೀಗನ್ ತಾನಾಗಿ ಏಳುವ ತನಕ.