ಸಂಗಪ್ಪ ಕೊಪ್ಪಳ ನೋಡಿದ ದಿನ

ಎದುರಿಗಿದ್ದವರನ್ನು ಮುಟ್ಟದೆ ಮಾತನಾಡುವುದು ಸಂಗಪ್ಪನಿಗೆ ಬರುತ್ತಿರಲಿಲ್ಲ. ಮಾತು ಶುರುವಾಗುವ ಮೊದಲೇ ಅವನ ಕೈ ನಮ್ಮ ಹೆಗಲ ಮೇಲೆ ಬಂದು ಕೂತಿರುತ್ತಿತ್ತು. ನಗು ಬಂದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಗುಟ್ಟು ಹೇಳುವಾಗ ಕಿವಿ ಹಿಡಿದು ಹತ್ತಿರ ಎಳೆಯುತ್ತಿದ್ದ. ಸಿಟ್ಟು ಬಂದರೆ ರಟ್ಟೆ ಹಿಡಿದು ಅಲುಗಾಡಿಸಿಬಿಡುತ್ತಿದ್ದ. “ದೂರ ನಿಂತು ಮಾತಾಡಾಕ ನಾವೇನು ಕೋರ್ಟಿನ್ಯಾಗ ಅದೀವೇನು?” ಎನ್ನುವುದು ಅವನ ಸಮಜಾಯಿಷಿ. ರಾಯಚೂರಿನ ಬೋರ್ಡಿಂಗಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ನಾನು ಕೊಪ್ಪಳದವನು, ಅವನು ಕುಷ್ಟಗಿಯವನು.

ಆಗ ನಮ್ಮ ಕಡೆ ನಿಜಾಮರ ರಾಜ್ಯ, ಸಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಒಮ್ಮೆ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಉದ್ದನೆಯ ಶೇರವಾನಿ, ಕೆಂಪು ಟೋಪಿ. ಅವರು ವರ್ಗದೊಳಗೆ ಬಂದಾಗ ನಮ್ಮ ಹೆಡ್‌ಮಾಸ್ತರರ ಹಣೆಯಲ್ಲಿ ಬೆವರು ಕಾಣುತ್ತಿತ್ತು. ಸಾಹೇಬರು ಸಂಗಪ್ಪನ ಎದುರು ನಿಂತು ಏನೋ ಪ್ರಶ್ನೆ ಕೇಳಿದರು. ಅವನಿಗೆ ಉತ್ತರ ತಿಳಿಯಲಿಲ್ಲ. ಎದ್ದು ನಿಂತವನೇ ಅವರ ಮುಂಗೈ ಹಿಡಿದುಕೊಂಡು, ಅಪ್ಪಟ ಕನ್ನಡದಲ್ಲಿ, “ಭಾಳ ದೂರದಿಂದ ಬಂದೀರಿ, ಊಟ ಆತೇನ್ರಿ ಸಾಹೇಬರ?” ಎಂದ. ಹುಡುಗ ಏನು ಹೇಳುತ್ತಿದ್ದಾನೆಂದು ಸಾಹೇಬರು ಕೇಳಿದರು. ಹೆಡ್‌ಮಾಸ್ತರರು ತಡವರಿಸುತ್ತ ಅರ್ಥ ಹೇಳಿದರು. ಸಾಹೇಬರು ಗಟ್ಟಿಯಾಗಿ ನಕ್ಕರು. ಊರು ಬಿಟ್ಟಾಗಿನಿಂದ ಯಾರೂ ತಮ್ಮನ್ನು ಇದನ್ನು ಕೇಳಿರಲಿಲ್ಲ ಎಂದು ಹೇಳಿ, ಆ ವರ್ಷದ ತನಿಖೆಯನ್ನು ಅಲ್ಲಿಗೇ ಮುಗಿಸಿದರು.

ಅದೇ ವರ್ಷ ನನಗೆ ವಿಷಮಜ್ವರ ಬಂತು. ಕೋಣೆಯಲ್ಲಿದ್ದ ಉಳಿದವರು ಹಾಸಿಗೆ ಸುತ್ತಿಕೊಂಡು ಬೇರೆ ಕಡೆ ಹೋದರು. ಅವರದೇನೂ ತಪ್ಪಿರಲಿಲ್ಲ, ಅವರ ಮನೆಯವರು ಹಾಗೆ ಹೇಳಿ ಕಳಿಸಿದ್ದರು. ಸಂಗಪ್ಪ ಮಾತ್ರ ತನ್ನ ಚಾಪೆಯನ್ನು ನನ್ನದರ ಪಕ್ಕಕ್ಕೆ ಎಳೆದುಕೊಂಡ. ಜ್ವರ ಏರಿದಾಗ ನನ್ನ ಅಂಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ. ಕಣ್ಣು ಬಿಟ್ಟಾಗಲೆಲ್ಲ ನನಗೆ ಮೊದಲು ತಿಳಿಯುತ್ತಿದ್ದದ್ದು ಆ ಕೈಗಳ ಬಿಸಿ.

ಓದು ಮುಗಿದ ಮೇಲೆ ಅವನು ಕುಷ್ಟಗಿಯಲ್ಲಿ ಸಾಲೆ ಮಾಸ್ತರನಾದ. ನಾನು ಕೊಪ್ಪಳದ ಬಜಾರಿನಲ್ಲಿ ಅಪ್ಪನ ಕಾಳಿನ ಅಂಗಡಿಯಲ್ಲಿ ಕೂತೆ. ಗಂಗಾವತಿಯಲ್ಲೋ ಯಲಬುರ್ಗಿಯಲ್ಲೋ ಯಾರದಾದರೂ ಮದುವೆಯಲ್ಲಿ ಸಿಕ್ಕಾಗ ನಾನು, “ಒಮ್ಮೆ ನಮ್ಮೂರಿಗಿ ಬಾರೋ, ಎಲ್ಲಾ ತೋರಿಸ್ತೀನಿ,” ಎನ್ನುತ್ತಿದ್ದೆ. “ಬರ್ತೀನಪ್ಪ, ನಿನ್ನ ಊರೇನು ಓಡಿ ಹೊಕ್ಕೈತೇನು?” ಎಂದು ಅವನು ನನ್ನ ಬೆನ್ನಿಗೆ ಹೊಡೆಯುತ್ತಿದ್ದ. ಹೀಗೇ ವರ್ಷಗಳು ಹೋದವು. ಆಮೇಲೆ ಅವನು ಮದುವೆಗಳಲ್ಲಿ ಕಾಣಿಸುವುದೂ ನಿಂತುಹೋಯಿತು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದವು. ಉತ್ತರಿ ಮಳೆ ಹಿಡಿದುಕೊಂಡ ಒಂದು ಮುಂಜಾನೆ ಸಂಗಪ್ಪ ಹೇಳದೆ ಕೇಳದೆ ಬಂದ. ತಲೆಯಿಂದ ಮೊಣಕಾಲಿನವರೆಗೆ ಕಂಬಳಿ ಹೊದ್ದು, ಹೆಗಲಿಗೊಂದು ಚೀಲ ಹಾಕಿಕೊಂಡು ನಮ್ಮ ಮನೆಯ ಕಟ್ಟೆಯ ಕೆಳಗೆ ಮಳೆಯಲ್ಲೇ ನಿಂತಿದ್ದ. ನಾನು ಖುಷಿಯಿಂದ ಇಳಿದು ಹೋದರೆ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ಅಣ್ಣಾರ, ಒಳಗ ಬರ್ರಿ, ಅರಿವಿ ಬದಲಿ ಮಾಡ್ಕೋರಿ,” ಎಂದು ನನ್ನ ಹೆಂಡತಿ ಪಾರವ್ವ ಬಾಗಿಲಿನಿಂದ ಕರೆದಳು.

“ಬ್ಯಾಡವ್ವ ತಂಗಿ. ಸಂಜಿ ಗಾಡಿಗಿ ಹೋಗಬೇಕು. ಅಷ್ಟರಾಗ ಇವನ ಊರು ನೋಡೂದೈತಿ.”

“ಈ ಮಳಿಯಾಗ ಏನು ನೋಡ್ತೀರಿ? ಒಂದು ರೊಟ್ಟಿಯರ ತಿಂದು ಹೋಗ್ರಿ.”

“ಕಟ್ಟಿ ಕೊಡವ್ವ, ಹಾದ್ಯಾಗ ತಿಂತೀನಿ,” ಎಂದವನು ಕೊನೆಗೂ ಹೊಸ್ತಿಲು ದಾಟಲಿಲ್ಲ.

ನಾನು ಕೊಡೆ ತೆಗೆದುಕೊಂಡು ಹೊರಟೆ. ಅದರ ಕೆಳಗೆ ಬಾ ಎಂದರೆ, “ನನಗ ಕಂಬಳಿ ಸಾಕು,” ಎಂದು ಓಣಿಯ ಆ ಬದಿಗೆ ನಡೆದ. ಬಜಾರು ಬಿಕೋ ಎನ್ನುತ್ತಿತ್ತು. ಅರ್ಧ ಬಾಗಿಲು ಹಾಕಿಕೊಂಡ ಅಂಗಡಿಗಳ ಮುಂದೆ ಕೆಂಪು ನೀರು ಹರಿಯುತ್ತಿತ್ತು. ಕೋಟೆ ಹತ್ತಿಸಬೇಕೆಂದು ನನ್ನ ಆಸೆ. ಆದರೆ ಮೆಟ್ಟಿಲುಗಳೆಲ್ಲ ಜಾರುತ್ತಿದ್ದವು, ಗುಡ್ಡದ ತುದಿಯೇ ಮೋಡದಲ್ಲಿ ಕಾಣುತ್ತಿರಲಿಲ್ಲ. ಕಿನ್ನಾಳಕ್ಕೆ ಕರೆದೊಯ್ದು ಬಣ್ಣದ ಗೊಂಬೆ ಮಾಡುವವರನ್ನು ತೋರಿಸೋಣವೆಂದರೆ ಹಾದಿಯೆಲ್ಲ ಎರೆಮಣ್ಣಿನ ಕೆಸರು. ಅವನಿಗೆ ಅದೇನೂ ಬೇಕಾಗಿರಲಿಲ್ಲ. ನಾನು ಕೋಟೆಯ ಕಡೆ ಕೈ ತೋರಿಸಿದರೆ ಅವನು, “ಈ ಓಣ್ಯಾಗ ಸೀನೀರ ಬಾವಿ ಎಲ್ಲೈತಿ?” ಎನ್ನುತ್ತಿದ್ದ. ಮಸೀದಿಯ ಮಿನಾರು ತೋರಿಸಿದರೆ, “ಬ್ಯಾಸಗಿಯಾಗ ಬಾವ್ಯಾಗ ನೀರು ಇರತೈತೇನು?” ಎನ್ನುತ್ತಿದ್ದ. ಸೂಲಗಿತ್ತಿ ಎಷ್ಟು ದೂರದಲ್ಲಿದ್ದಾಳೆ, ಹೆಣ್ಣುಮಕ್ಕಳು ಬಟ್ಟೆ ಒಗೆಯಲು ಎಲ್ಲಿಗೆ ಹೋಗುತ್ತಾರೆ, ಹಾದಿಯಲ್ಲಿ ಪುಂಡರ ಕಾಟ ಇದೆಯೇ ಎಂದೆಲ್ಲ ಕೇಳಿದ.

ಚಹಾದಂಗಡಿಯಲ್ಲೂ ಅವನು ಒಳಗೆ ಕೂರಲಿಲ್ಲ. ಚೀಲದಿಂದ ತನ್ನದೇ ಹಿತ್ತಾಳೆ ಬಟ್ಟಲು ತೆಗೆದು ಚಾಚಿದ. ಅಂಗಡಿಯವನು ಮೇಲಿನಿಂದಲೇ ಚಹಾ ಸುರಿದ.

“ಏನಲೇ, ಯಾವಾಗಿಂದ ಇಷ್ಟು ಮಡಿವಂತ ಆದಿ? ನನ್ನ ಎಂಜಲಾ ತಿಂದಾವ ನೀನು,” ಎಂದು ಚೇಷ್ಟೆ ಮಾಡಿದೆ. ಅವನು ಸುಮ್ಮನೆ ನಕ್ಕ. ಆಗ ನೋಡಿದೆ. ಕುದಿಯುವ ಚಹಾ ತುಂಬಿದ ಬಟ್ಟಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ. ನನ್ನ ಲೋಟವನ್ನು ನಾನು ಧೋತರದ ಸೆರಗಿನಲ್ಲಿ ಹಿಡಿದಿದ್ದೆ.

“ಸುಡವಲ್ದೇನೋ?”

ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡು, ಬಟ್ಟಲನ್ನು ಕಟ್ಟೆಯ ಮೇಲಿಟ್ಟ. “ಹೌದಲ್ಲ, ಸುಡತೈತಿ,” ಎಂದ. ಅಂಗೈ ಕೆಂಪಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೋಟೆಯ ಕೆಳಗಿನ ಒಂದು ಓಣಿಗೆ ಬಂದೆವು. ಒಬ್ಬ ಅರಿವೆ ವ್ಯಾಪಾರಿಯ ಮನೆಯ ಹೆಸರು ಹೇಳಿ, ಅದು ಯಾವುದು ಎಂದು ಕೇಳಿದ. ತೋರಿಸಿದೆ. ಎದುರಿನ ಬೇವಿನ ಮರದ ಕೆಳಗೆ ನಿಂತು ಬಹಳ ಹೊತ್ತು ನೋಡಿದ.

“ನಮ್ಮ ಗಿರಿಜಿನ್ನ ಈ ಮನಿಗಿ ಕೊಟ್ಟೀವಿ,” ಎಂದ. ಗಿರಿಜವ್ವ ಅವನ ಒಬ್ಬಳೇ ತಂಗಿ. ಅಪ್ಪ ತೀರಿಕೊಂಡ ಮೇಲೆ ಇವನೇ ಎತ್ತಿ ಆಡಿಸಿ ಬೆಳೆಸಿದವಳು. “ದೀಪಾವಳಿ ಆದ ಮ್ಯಾಲ ಲಗ್ನ. ಸಣ್ಣಾಕಿದ್ದಾಗ ಬಿದ್ದು ಆಕಿ ಸೊಂಟಕ್ಕ ನೋವು ಐತಿ. ದೂರದಿಂದ ಕೊಡಾ ಹೊರಾಕ ಆಗಂಗಿಲ್ಲ.”

ಬಾವಿಯ ಪ್ರಶ್ನೆಗಳು ನನಗೆ ಆಗ ಅರ್ಥವಾದವು. “ಹಂಗಾರ ಬೀಗರ ಮನಿ! ನಡಿ ಒಳಗ ಹೋಗೂಣು,” ಎಂದೆ.

“ಬ್ಯಾಡ. ಮಾತುಕತಿಗೆ ನಮ್ಮ ಸೋದರಮಾವ ಬಂದಿದ್ದ. ನನ್ನ ಇವರು ನೋಡಿಲ್ಲ. ನೋಡೂದೂ ಬ್ಯಾಡ.”

ಅಷ್ಟರಲ್ಲಿ ಒಬ್ಬ ತರುಣ ಮಳೆಯಲ್ಲೇ ಹೆಗಲ ಮೇಲೆ ನೀರಿನ ಕೊಡ ಹೊತ್ತುಕೊಂಡು ಬಂದ. ಆ ಮನೆಗೆ ಅವನೊಬ್ಬನೇ ಮಗ, ಮದುಮಗ ಅವನೇ. ಬಾಗಿಲಿಗೆ ಬಂದ ಅವನ ತಾಯಿ ಕೊಡ ಇಳಿಸಿಕೊಂಡು, ನಮ್ಮನ್ನು ಕಂಡು, “ಯಾರ್ರೀ ಅವ್ರು, ಮಳಿಯಾಗ ಯಾಕ ನಿಂತೀರಿ? ಕಟ್ಟಿಗಿ ಬಂದು ಕುಂದರ್ರಿ,” ಎಂದು ಕೂಗಿದಳು.

“ಇಲ್ರಿ ಅವ್ವ, ಹೊಂಟೀವ್ರಿ,” ಎಂದು ಸಂಗಪ್ಪ ಕೈ ಮುಗಿದ. ತಿರುಗಿ ನಡೆಯುತ್ತ, “ಕೊಡಾ ತಾನ ಹೊರ್ತಾನಪ್ಪ ಹುಡುಗ. ತಾಯಿನೂ ಕರದು ಮಾತಾಡಸ್ತಾಳ. ಸಾಕು ಬಿಡು,” ಎಂದ.

ಮಳೆ ಜೋರಾಯಿತು. ಗವಿಮಠದ ಗುಡ್ಡದ ಮೇಲೆ, ಚಪ್ಪರದಂತೆ ಬಾಗಿದ ಒಂದು ದೊಡ್ಡ ಬಂಡೆಯ ಕೆಳಗೆ ಹೋಗಿ ಕೂತೆವು. ಅಲ್ಲಿ ಬಂಡೆಯ ಮೇಲೆ ಯಾವುದೋ ಕಾಲದ ಅಕ್ಷರಗಳಿವೆ, ದೊಡ್ಡ ದೊಡ್ಡವರು ಬಂದು ಓದಿಕೊಂಡು ಹೋಗಿದ್ದಾರೆ ಎಂದು ನಾನು ಹೇಳುತ್ತಿದ್ದೆ. ಅವನು ತಡೆದ.

“ಒಂದು ಮಾತು ಹೇಳ್ತೀನಿ, ನಡಕ ಬಾಯಿ ಹಾಕಬ್ಯಾಡ. ಎರಡು ವರ್ಷದ ಹಿಂದ ಬೆನ್ನಿನ ಮ್ಯಾಲ ಒಂದು ಕಲೆ ಬಂತು. ಗಜಕರ್ಣ ಅಂತ ತಿಳದು ಮುಲಾಮು ಹಚ್ಚಿದೆ. ಆಮ್ಯಾಲ ಕೈ ಜೋಮು ಹಿಡದಂಗ ಆದ್ವು. ಬಳ್ಳಾರಿಗಿ ಹೋಗಿ ತೋರಿಸಿದೆ. ದೊಡ್ಡ ರೋಗ ಅಂದ್ರು.”

ಕುಷ್ಠ ಎಂಬ ಹೆಸರನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನೂ ಹೇಳಲಿಲ್ಲ.

“ಸಾಲಿ ಬಿಟ್ಟೆ. ಮಕ್ಕಳ ಕಿವಿ ಹಿಂಡಿ, ತಲಿ ಸವರಿ ಪಾಠಾ ಹೇಳಿದಾವ ನಾನು. ಯಾವ ಕೂಸಿಗಿ ಹತ್ತೇತೋ ಏನೋ ಅಂತ ನಿದ್ದಿ ಬರವಲ್ದು. ಅವ್ವಗ ಗೊತ್ತೈತಿ. ಮನಿಯಾಗ ಹೆಣ್ಣು ಐತಿ, ನೀ ಎಲ್ಲೆರ ಹೋಗಪ್ಪ ಅಂದ್ಲು. ಅಂದಾಕಿ ಉಣ್ಣೂದ ಬಿಟ್ಟಾಳ. ದೂರ ಒಂದು ಮಿಶನ್ ದವಾಖಾನಿ ಐತಿ, ಇಂಥವರನ್ನ ಇಟ್ಕೋತಾರಂತ. ಇವತ್ತಿನ ಗಾಡಿಗಿ ಅಲ್ಲಿಗೇ ಹೊಂಟೀನಿ.”

“ಅಲ್ಲಿ ಸೂಜಿ ಮಾಡ್ತಾರಂತಲ್ಲ, ಗುಣಾ ಆಗತೈತಿ,” ಎಂದೆ.

“ಎಣ್ಣಿ ಸೂಜಿ ಚುಚ್ತಾರ. ಬಳ್ಳಾರಿ ಡಾಕ್ಟರು ಖರೇ ಮಾತು ಹೇಳ್ಯಾರ. ಗುಣಾ ಆಗಿ ಮನಿಗಿ ಬಂದಾವನ್ನ ತಾವು ನೋಡಿಲ್ಲಂತ.”

ಅವನು ಮಳೆಯ ಕಡೆ ಮುಖ ಮಾಡಿ ಕೂತಿದ್ದ. ಪಕ್ಕದ ಕಲ್ಲಿನ ಮೇಲಿದ್ದ ಅವನ ಬಲಗೈಯನ್ನು ಹಿಡಿದುಕೊಂಡೆ. ಅದು ತಣ್ಣಗಿತ್ತು. ಅವನು ಹಾಗೇ ಮಳೆ ನೋಡುತ್ತಿದ್ದ. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಏನೋ ಹೇಳಲೆಂದು ಈ ಕಡೆ ತಿರುಗಿದವನು ನನ್ನ ಕೈ ಕಂಡು ಬೆಚ್ಚಿ ಬಿದ್ದ.

“ಯಾವಾಗ ಹಿಡದಿ?” ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕಿತ್ತುಕೊಂಡು ದೂರ ಸರಿದು ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನನ್ನಿಂದ ಮಾತು ತೆಗೆದುಕೊಂಡ. ಅವನು ನಾಟಕ ಕಂಪನಿಯ ಬೆನ್ನು ಹತ್ತಿ ಓಡಿಹೋದ ಎಂದು ಅವ್ವ, ಸೋದರಮಾವ ಊರಲ್ಲಿ ಹೇಳುತ್ತಾರೆ. ನಾನೂ ಹಾಗೇ ಹೇಳಬೇಕು. “ಅಂಥಾ ಉಡಾಳರು ಎಲ್ಲಾ ಮನ್ಯಾಗೂ ಇರ್ತಾರ, ಅದಕ್ಕ ಯಾರೂ ಸಂಬಂಧ ಮುರಿಯಂಗಿಲ್ಲ. ಗಿರಿಜಿಗೂ ಹೇಳಬ್ಯಾಡ. ಆಕಿ ಸಂಕಟಕ್ಕ ಬಾಯಿಬಿಟ್ರ ಸಂಸಾರ ಹಾಳಾಕ್ಕೈತಿ. ಆಣಿ ಮಾಡು.”

ಮಾಡಿದೆ. ಗಿರಿಜವ್ವ ಇರುವವರೆಗೆ ಉಳಿಸಿಕೊಂಡೆ. ಆಕೆ ತೀರಿಕೊಂಡು ಈಗ ಬಹಳ ವರ್ಷಗಳಾದವು. ಹೇಳಿದರೆ ಕೆಡುವಂಥದ್ದು ಏನೂ ಉಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಸಂಜೆ ಸ್ಟೇಶನ್ನಿನಲ್ಲಿ ಅವನು ಡಬ್ಬಿಯ ಬಾಗಿಲಿನ ಹತ್ತಿರ, ಯಾರಿಗೂ ತಾಗದ ಹಾಗೆ ನೆಲದ ಮೇಲೆ ಕೂತ. “ಊರು ಛಲೋ ಐತಿ,” ಎಂದ. ಗಾಡಿ ಹೋಯಿತು.

ಮದುವೆ ಆಯಿತು. ಅಣ್ಣ ನಿಲ್ಲಬೇಕಾದ ಕಡೆಯಲ್ಲೆಲ್ಲ ಸೋದರಮಾವ ನಿಂತ. ಅಕ್ಷತೆ ಬೀಳುವವರೆಗೂ ಗಿರಿಜವ್ವ ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಕೊಪ್ಪಳದಲ್ಲಿ ನಮ್ಮ ಮನೆಯೇ ಆಕೆಗೆ ತವರಾಯಿತು. ಪ್ರತಿ ವರ್ಷ ಪಂಚಮಿ ಬಂದಾಗ, ಓಣಿಯ ಸೊಸೆಯಂದಿರನ್ನೆಲ್ಲ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋಗುವಾಗ, ಆಕೆ ಪಾರವ್ವನ ಮುಂದೆ ಕೂತು, “ಪಂಚಮಿಗಿ ಕರ್ಯಾಕ ಬರಲಾರದ ಅಣ್ಣ ಇದ್ದರೇನು, ಸತ್ತರೇನು ವೈನಿ?” ಎನ್ನುತ್ತಿದ್ದಳು. ಪಾರವ್ವನಿಗೂ ನಾನು ನಿಜ ಹೇಳಿರಲಿಲ್ಲ. ಅವಳೂ ಸಂಗಪ್ಪನನ್ನು ಬೈಯುತ್ತಿದ್ದಳು.

ವ್ಯಾಪಾರದ ನೆಪ ಹೇಳಿ ಒಮ್ಮೆ ಆ ದವಾಖಾನೆಗೆ ಹೋದೆ. ಮುಳ್ಳುತಂತಿಯ ಬೇಲಿ, ಹುಣಸೆಮರಗಳು, ಸಾಲು ಕೋಣೆಗಳು. ಸಂಗಪ್ಪನ ಬೆರಳುಗಳು ಸವೆದು ಮೊಂಡಾಗಿದ್ದವು. ಹುಬ್ಬಿನ ಕೂದಲು ಉದುರಿ ಮುಖ ಬೇರೆಯಾಗಿತ್ತು. ನಗು ಮಾತ್ರ ಅವನದೇ. ಒಬ್ಬ ಮುದುಕನ ಹೆಗಲ ಮೇಲೆ ಕೈ ಹಾಕಿಕೊಂಡು ಬೇಲಿಯವರೆಗೆ ಬಂದ. “ಇಲ್ಲಿ ಯಾರನ್ನ ಬೇಕಾದ್ರೂ ಮುಟ್ಟಬೌದು ದೋಸ್ತ. ಮುಟ್ಟಿದ್ದು ಗೊತ್ತಾಗಂಗಿಲ್ಲ, ಅಷ್ಟ,” ಎಂದ. ಬೇಲಿಯ ಆ ಕಡೆಯಿಂದಲೇ ತಂಗಿಯ ಸುದ್ದಿ ಕೇಳಿದ. “ಗಂಡ ಇನ್ನೂ ತಾನ ಕೊಡಾ ಹೊರ್ತಾನೇನು?”

ಸೊಸೆ ಮನೆಗೆ ಬಂದ ತಿಂಗಳೊಳಗೇ ಮಗ ಕೊಡ ಹೊರುವುದನ್ನು ಬಿಟ್ಟಿದ್ದ. ಗಿರಿಜವ್ವ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ತಾನೇ ನೀರು ತರುತ್ತಿದ್ದಳು.

“ಹೊರ್ತಾನ,” ಎಂದೆ.

“ನನ್ನ ಬೈತಾಳೇನು?”

“ಬೈತಾಳ.”

“ಬೈಲಿ. ನನ್ನ ಹುಡುಕ್ಯಾಡಾಕ ಹತ್ತಲಿಲ್ಲಲ್ಲ, ಛಲೋ ಆತು. ನೀ ಮತ್ತ ಬರಬ್ಯಾಡ. ಯಾರರ ನೋಡ್ತಾರ.”

ಮತ್ತೆ ಹೋಗಲು ಆಗಲೂ ಇಲ್ಲ. ಅವನ ಅವ್ವ ಮಗನ ಹೆಸರೆತ್ತದೆ ತೀರಿಕೊಂಡಳು. ಮುಂದೆ ಒಂದು ಶ್ರಾವಣದಲ್ಲಿ ದವಾಖಾನೆಯಿಂದ ಸಂಗಪ್ಪನ ಸುದ್ದಿ ಬಂತು. ಎಂಟು ದಿನದ ಹಿಂದೆ ಹೋಗಿದ್ದ. ಅಲ್ಲಿಯವರೇ ಮಣ್ಣು ಮಾಡಿದ್ದರು.

ಆ ದಿನ ಪಂಚಮಿ. ನಾನು ಸುಮ್ಮನೆ ನಡೆಯುತ್ತ ನಡೆಯುತ್ತ ಗಿರಿಜವ್ವನ ಮನೆಗೆ ಹೋಗಿಬಿಟ್ಟಿದ್ದೆ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದ್ದರು, ಆಕೆಯ ಮಕ್ಕಳು ಜೀಕುತ್ತಿದ್ದರು. ಆಕೆ ತಟ್ಟೆಯಲ್ಲಿ ಜೋಳದ ಅಳ್ಳು, ಎಳ್ಳುಂಡಿ ಇಟ್ಟು ನನ್ನ ಮುಂದೆ ತಂದಳು.

“ಯಾಕಣ್ಣಾರ, ಮಾರಿ ಸಣ್ಣದಾಗೈತಿ?”

“ಏನಿಲ್ಲವ್ವ. ಬಿಸಲಾಗ ಬಂದೆ.”

“ಹಬ್ಬದ ದಿನ ನೀವರ ಬಂದ್ರೆಲ್ಲ, ಅಷ್ಟು ಸಾಕು ನನಗ,” ಎಂದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಎದುರಿಗೆ ಕೂತು, ತಿನ್ನಿರಿ ಎಂದು ಕಾದಳು.

ನಾನು ಉಂಡಿ ಬಾಯಿಗಿಟ್ಟುಕೊಂಡೆ. ಅದು ಗಂಟಲಲ್ಲಿ ಇಳಿಯುವವರೆಗೆ ಆಕೆ ನೋಡುತ್ತಿದ್ದಳು. ಆಮೇಲೆ ಇನ್ನೊಂದು ಹಾಕಿದಳು.